ಬಡತನಕ್ಕೆ ಕಾರಣ

ನಾನು ಪ್ಲೇಟು ತೊಳೆದು ಮೇಲೆ ಬಂದವನು. ಭಾಷಣಗಳಲ್ಲಿ ಹೀಗೆ ಹೇಳಿ ಹೇಳಿ ಈಗ ನನಗೇ ನಂಬಿಕೆ ಬಂದುಬಿಟ್ಟಿದೆ. ನಿಜ ಹೇಳಬೇಕೆಂದರೆ, ಊರಿನಿಂದ ಮುಂಬಯಿಗೆ ಬಂದಾಗ ನಾನು ಪ್ಲೇಟು ತೊಳೆದದ್ದು ಹನ್ನೊಂದು ದಿನ. ಹೋಟೆಲು ನನ್ನ ಸೋದರಮಾವನದು. ಹನ್ನೆರಡನೆಯ ದಿನ ಮಾವ "ಸಾಕು, ಕೆಲಸ ಎಂತದು ಅಂತ ಗೊತ್ತಾಯ್ತಲ್ಲ" ಎಂದು ನನ್ನನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರು. ಆಮೇಲೆ ಮಗಳನ್ನೂ ಕೊಟ್ಟರು, ಅವಳ ಜತೆ ಹೋಟೆಲೂ ಬಂತು. ಭಾಷಣದಲ್ಲಿ ಆ ಹನ್ನೊಂದು ದಿನ ಮೊದಲು ಆರು ತಿಂಗಳಾಯಿತು, ಕ್ರಮೇಣ ಮೂರು ವರ್ಷವಾಯಿತು. ಯಾರೂ ಕೇಳಲಿಲ್ಲ. ಕೇಳಬೇಕಾದವರು ಸಹ ಇಂಥದ್ದೇ ಭಾಷಣ ಮಾಡುವವರು.

ಸಯನ್‌ನಲ್ಲಿ ನಮ್ಮದೊಂದು ಕನ್ನಡ ಸಂಘವಿದೆ. ಪ್ರತಿ ವರ್ಷ ಕಾಲೇಜು ಸೇರುವ ಬಡ ಮಕ್ಕಳಿಗೆ ಫೀಸು ಕೊಡುತ್ತೇವೆ. ಸುಮ್ಮನೆ ಕೊಡುವುದಿಲ್ಲ. ಜೂನ್ ತಿಂಗಳ ಒಂದು ಭಾನುವಾರ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಮಕ್ಕಳು ಬರಬೇಕು, ಸಮಿತಿಯ ಐದು ಜನ ಉದ್ದನೆಯ ಮೇಜಿನ ಹಿಂದೆ ಕುಳಿತು ಪ್ರಶ್ನೆ ಕೇಳುತ್ತೇವೆ. ಅರ್ಜಿಯಲ್ಲಿ ಹೆಸರು, ಅಂಕ, ಮನೆಯ ವಿಳಾಸ ಎಲ್ಲ ಆದ ಮೇಲೆ ಕೊನೆಗೊಂದು ಕಾಲಂ ಇದೆ: 'ಬಡತನಕ್ಕೆ ಕಾರಣ'. ಅದನ್ನು ಸೇರಿಸಬೇಕೆಂದು ಹಠ ಹಿಡಿದವನು ನಾನೇ. ಕಾರಣ ಗೊತ್ತಿಲ್ಲದೆ ಸಹಾಯ ಮಾಡಿದರೆ ಅದು ದಾನವಲ್ಲ, ದಡ್ಡತನ ಎಂದು ವಾದಿಸಿದ್ದೆ. ಎಲ್ಲರೂ ತಲೆದೂಗಿದ್ದರು. ಜನ ಅದರಲ್ಲಿ 'ತಂದೆ ತೀರಿಕೊಂಡಿದ್ದಾರೆ', 'ತಾಯಿಗೆ ಕಾಯಿಲೆ', 'ಅಂಗಡಿ ನಷ್ಟವಾಯಿತು' ಎಂದು ಬರೆಯುತ್ತಿದ್ದರು. ಸಾವು ಮತ್ತು ಕಾಯಿಲೆ ನಮಗೆ ಬಹಳ ಇಷ್ಟವಾದ ಕಾರಣಗಳು. ಅವುಗಳಲ್ಲಿ ಯಾರದೂ ತಪ್ಪಿರುವುದಿಲ್ಲ.

ಆ ವರ್ಷ ನನ್ನ ಹೋಟೆಲಿನಲ್ಲಿ ಪ್ಲೇಟು ತೊಳೆಯುವವನ ಮಗಳಿಗೆ ಗೋರೆಗಾಂವಿನ ಕಾಲೇಜೊಂದರಲ್ಲಿ ಫಾರ್ಮಸಿ ಸೀಟು ಸಿಕ್ಕಿತ್ತು. ಅವನು ವಿಜಯಪುರದ ಕಡೆಯವನು. ನನ್ನ ಹಾಗೆ ಹನ್ನೊಂದು ದಿನ ಅಲ್ಲ, ಹತ್ತೊಂಬತ್ತು ವರ್ಷದಿಂದ ಹಿಂದಿನ ಮೋರಿಯ ಹತ್ತಿರ ನಿಂತು ತೊಳೆಯುತ್ತಿದ್ದಾನೆ. ಅವನ ಬೆರಳುಗಳ ಚರ್ಮ ಯಾವಾಗಲೂ ಬಿಳಿಚಿ ಸುಕ್ಕಾಗಿರುತ್ತದೆ. ಜಾತಿ ಸರ್ಟಿಫಿಕೇಟು ಕರ್ನಾಟಕದ್ದಾದ್ದರಿಂದ ಇಲ್ಲಿ ಮಗಳಿಗೆ ಸರಕಾರದ ರಿಯಾಯಿತಿ ಸಿಗಲಿಲ್ಲ. ಮುಂದಿನ ಶುಕ್ರವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋಗುತ್ತದೆ ಎಂದು ಅವನು ಬಂದು ನಿಂತ. ಸಂಬಳ ಹೆಚ್ಚು ಮಾಡಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು: ಬಾಡಿಗೆ, ಗ್ಯಾಸು, ಮೊಬೈಲಿನಲ್ಲಿ ಆರ್ಡರ್ ತರುವ ಕಂಪನಿಗಳ ಕಮಿಷನ್ನು. ಅದರ ಬದಲು ನಾನು ದೊಡ್ಡ ಮನಸ್ಸು ಮಾಡಿ ಸಂಘದ ಅರ್ಜಿ ಕೈಗಿಟ್ಟೆ.

"ಒಂದು ವಿಷಯ. ನನ್ನಲ್ಲಿ ಕೆಲಸ ಮಾಡುವುದು ಅಂತ ಅಲ್ಲಿ ಹೇಳಬೇಡ. ನಾನು ಕಮಿಟಿಯಲ್ಲಿ ಉಂಟಲ್ಲ, ತನ್ನ ಜನಕ್ಕೆ ಕೊಟ್ಟ ಅಂತಾರೆ."

"ಹೇಳಂಗಿಲ್ರೀ ಮಾಲಕ್ರ," ಎಂದ.

ಭಾನುವಾರ ಬೆಳಿಗ್ಗೆ ಸಂದರ್ಶನಕ್ಕೆ ಮೊದಲು ಪ್ರತಿ ವರ್ಷದಂತೆ ಚರ್ಚೆ ಹತ್ತಿತು. ಬಾಂದ್ರಾದಲ್ಲಿ ಆಫೀಸಿರುವ ಒಬ್ಬ ಆಡಿಟರು ನಮ್ಮ ಸಮಿತಿಯಲ್ಲಿದ್ದಾರೆ. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚುವುದೆಂದರೆ ಅವರಿಗೆ ಮೈ ಉರಿಯುತ್ತದೆ. "ಸರಕಾರ ಎಲ್ಲ ಫುಕಟ್ ಕೊಡ್ತದೆ ಮಾರಾಯ್ರೆ. ಟ್ಯಾಕ್ಸ್ ಕಟ್ಟುವುದು ನಾವು, ಮಲಗುವುದು ಅವರು. ದುಡಿಯುವವನಿಗೆ ಈ ಊರಲ್ಲಿ ಅವಕಾಶ ಇಲ್ವಾ? ಇವರನ್ನೇ ನೋಡಿ, ಮೂರು ವರ್ಷ ಪ್ಲೇಟು ತೊಳೆದವರು," ಎಂದು ನನ್ನ ಕಡೆ ಕೈ ತೋರಿಸಿದರು. ನಾನು ತಲೆ ತಗ್ಗಿಸಿ ನಕ್ಕೆ. ಆ ನಗು ಕನ್ನಡಿಯ ಮುಂದೆ ನಿಂತು ಕಲಿತದ್ದಲ್ಲ, ಆದರೂ ಚೆನ್ನಾಗಿ ಬರುತ್ತದೆ. ಇನ್ನೊಬ್ಬರು, ನಿವೃತ್ತ ಮೇಷ್ಟ್ರು, ದುಡಿದರೂ ಮೇಲೆ ಬರದವರು ಇದ್ದಾರಲ್ಲ ಎಂದು ಮೆಲ್ಲಗೆ ಅಂದರು. "ಅಂಥವರಲ್ಲಿ ಏನೋ ಒಂದು ಐಬು ಇದ್ದೇ ಇರ್ತದೆ, ಹುಡುಕಿದರೆ ಸಿಗ್ತದೆ," ಎಂದೆ ನಾನು. ಮೇಷ್ಟ್ರು ಚಹಾದ ಲೋಟ ಎತ್ತಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿಯ ಸರದಿ ಬಂತು. ತಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವಳ ಹಿಂದೆ ನಿಂತಿದ್ದ. ಆಡಿಟರು ವಾರಕ್ಕೆ ಎರಡು ಸಲವಾದರೂ ನನ್ನ ಹೋಟೆಲಿನಲ್ಲಿ ಇಡ್ಲಿ ತಿನ್ನುವವರು, ಆದರೆ ತಾವು ತಿಂದ ಪ್ಲೇಟು ತೊಳೆದವನ ಮುಖ ಒಮ್ಮೆಯೂ ನೋಡಿದವರಲ್ಲ. ಅಂಕಪಟ್ಟಿ ನೋಡಿ ಎಲ್ಲರೂ ಭೇಷ್ ಅಂದೆವು. ಕೊನೆಯ ಕಾಲಂಗೆ ಬಂದಾಗ ಆಡಿಟರು ಕನ್ನಡಕ ಮೇಲೇರಿಸಿದರು.

"ಎಂತ ಬರ್ದಿದ್ದಾಳೆ ಕೇಳಿ. ಬಡತನಕ್ಕೆ ಕಾರಣ: ಸಂಬಳ ಕಡಿಮೆ."

ಮೇಜಿನ ಹಿಂದೆ ನಗು ಎದ್ದಿತು. ನಾನೂ ನಕ್ಕೆ, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

"ಇದು ಕಾರಣ ಅಲ್ಲಮ್ಮ," ಎಂದರು ಆಡಿಟರು. "ಸಂಬಳ ಎಲ್ಲರಿಗೂ ಕಡಿಮೆಯೇ. ನಂಗೂ ಕಡಿಮೆಯೇ."

"ಸರ್, ಪಪ್ಪಾ ಸುಬಹ್ ಆರಕ್ಕ ಹೋಗ್ತಾರ, ರಾತ್ರಿ ಹತ್ತಕ್ಕ ಬರ್ತಾರ. ಛುಟ್ಟಿ ಇಲ್ಲ. ಮಮ್ಮಿ ನಾಲ್ಕು ಮನಿ ಕೆಲಸ ಮಾಡ್ತಾರ. ಯಾರೂ ಬೀಮಾರ್ ಇಲ್ಲ, ಯಾರೂ ಸತ್ತಿಲ್ಲ. ಮತ್ತೇನು ರೀಸನ್ ಬರೀಬೇಕು?" ಎಂದಳು ಹುಡುಗಿ. ಧ್ವನಿಯಲ್ಲಿ ಸೊಕ್ಕು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಆಡಿಟರಿಗೆ ಉಮೇದು ಬಂತು. "ಹಾಗಾದ್ರೆ ಆ ಕಂಜೂಸು ಮಾಲಕ ಯಾರು ಹೇಳು. ನಮ್ಮವರೇ ಯಾರಾದ್ರೂ ಇದ್ರೆ ಇವತ್ತೇ ಮರ್ಯಾದೆ ತೆಗಿಯುವ."

ಹುಡುಗಿ ನನ್ನನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ಗಣೇಶ ಚತುರ್ಥಿಗೆ ಕೆಲಸದವರ ಮಕ್ಕಳಿಗೆಲ್ಲ ಮಿಠಾಯಿ ಪೊಟ್ಟಣ ಹಂಚುವಾಗ ಅವಳೂ ಬಂದು ನನ್ನ ಕೈಯಿಂದಲೇ ತೆಗೆದುಕೊಂಡವಳು. ಅವಳ ಬಾಯಿ ತೆರೆಯಿತು. ಆಗ ನಾನು ಹೆದರಿದೆ ಎಂದು ಬರೆಯಲು ಇವತ್ತೂ ನಾಚಿಕೆಯಾಗುತ್ತದೆ. ಅರವತ್ತು ದಾಟಿದ ಗಂಡಸು, ಮೂರು ಹೋಟೆಲುಗಳ ಮಾಲಕ, ಹದಿನೆಂಟರ ಹುಡುಗಿಯ ಬಾಯಿಗೆ ಹೆದರಿ ಮೇಜಿನ ಕೆಳಗೆ ಮೊಣಕಾಲು ಹಿಡಿದುಕೊಂಡು ಕೂತಿದ್ದೆ.

ಅಷ್ಟರಲ್ಲಿ ತಂದೆ ಮುಂದೆ ಬಂದ. "ಅಕೀಗಿ ತಿಳಿಯಂಗಿಲ್ರೀ ಸಾಹೇಬ್ರ. ಪಗಾರ ಛಲೋ ಐತ್ರಿ. ಮಾಲಕ್ರು ದೇವರಂಥವ್ರು. ನಾನೇ ಕುಡಿತೀನ್ರಿ. ಬಂದ ರೊಕ್ಕ ಎಲ್ಲಾ ಅದಕ್ಕ ಹೊಕ್ಕೈತ್ರಿ."

ಅವನು ಕುಡಿಯುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನ ಬಾಯಿಂದ ಎಲೆ ಅಡಿಕೆಯ ವಾಸನೆ ಕೂಡ ಬಂದದ್ದಿಲ್ಲ. ನಮಗೆ ಬೇಕಾದದ್ದು ಒಂದು ಕಾರಣ, ಅದರಲ್ಲೂ ಮಾಲಕನನ್ನು ಮುಟ್ಟದ ಕಾರಣ ಎಂದು ಅವನಿಗೆ ಅರ್ಥವಾಗಿತ್ತು. ತನ್ನ ಮೇಲೆ ಎಳೆದುಕೊಂಡರೆ ಮಗಳ ಕೆಲಸ ಆಗುತ್ತದೆ, ನನ್ನ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಆದರೆ ಕುಡಿಯುವವರ ಮನೆಗೆ ಸಹಾಯ ಇಲ್ಲ ಎಂಬ ನಿಯಮ ಅವನಿಗೆ ಗೊತ್ತಿರಲಿಲ್ಲ. ಆ ನಿಯಮವೂ ನನ್ನದೇ.

"ನೋಡಿ, ಸಿಕ್ಕಿತಲ್ಲ ಕಾರಣ," ಎಂದು ಆಡಿಟರು ಅರ್ಜಿಯ ಮೇಲೆ ಕೆಂಪು ಗೀಟು ಎಳೆದರು. "ನೀವೇ ಬೆಳಿಗ್ಗೆ ಹೇಳಿದ್ದು. ಐಬು ಹುಡುಕಿದರೆ ಸಿಗ್ತದೆ ಅಂತ. ಏನಂತೀರಿ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. 'ಇವನು ಕುಡಿಯುವುದಿಲ್ಲ, ನನಗೆ ಗೊತ್ತು.' ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಅಷ್ಟೇ.

"ನಿಯಮ ಅಂದ್ರೆ ನಿಯಮ," ಎಂದೆ. ಅಲ್ಲಿಗೆ ಬಿಡಬಹುದಿತ್ತು. ಆದರೆ ಸುಮ್ಮನಿದ್ದರೆ ಅನುಮಾನ ಬಂದೀತು ಎನಿಸಿ ಅವನ ಕಡೆ ತಿರುಗಿ ಉಪದೇಶಕ್ಕೆ ಇಳಿದೆ. "ಮಗಳ ಮುಖ ನೋಡಿಯಾದರೂ ಬಿಡಬೇಕಿತ್ತಲ್ಲ ಮಾರಾಯ. ಇಷ್ಟು ಹುಷಾರಿನ ಹುಡುಗಿ. ನಿನ್ನ ಕುಡಿತದಿಂದ ಅವಳ ಭವಿಷ್ಯ ಹಾಳಾಯ್ತು."

"ಬಿಡ್ತೀನ್ರೀ," ಎಂದು ಅವನು ಕೈ ಮುಗಿದ. ಹುಡುಗಿ ಅಳಲಿಲ್ಲ. ಅರ್ಜಿಯ ಜತೆಗಿದ್ದ ಅಂಕಪಟ್ಟಿಯನ್ನು ವಾಪಸು ಕೇಳಿ ತೆಗೆದುಕೊಂಡು, ತಂದೆಗಿಂತ ಮೊದಲೇ ಮೆಟ್ಟಿಲಿಳಿದು ಹೋದಳು. ನಾವು ಊಟಕ್ಕೆ ಎದ್ದೆವು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಕೆಲಸಕ್ಕೆ ಬಂದ. ಅವನು ಏನಾದರೂ ಅಂದಿದ್ದರೆ ನಾನು ರೇಗಿ ಹಗುರಾಗುತ್ತಿದ್ದೆ. ಎರಡು ದಿನ ತಡೆದೆ. ಬುಧವಾರ ಫೀಸಿನ ಪೂರ್ತಿ ಮೊತ್ತಕ್ಕೆ ಚೆಕ್ಕು ಬರೆದು, ಮಧ್ಯಾಹ್ನ ಅವನನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಪಶ್ಚಾತ್ತಾಪ ಎಂದು ಹೇಳಿಕೊಳ್ಳಬಹುದು. ಹುಡುಗಿ ಮೊಬೈಲಿನಲ್ಲಿ ಏನಾದರೂ ಬರೆದು ಹಾಕಿಯಾಳು ಎಂಬ ಭಯವೂ ಅದರಲ್ಲಿ ಅರ್ಧ ಇತ್ತು.

ಸ್ಟೇಷನ್ನಿನ ಆಚೆ ಒಂದು ಚಾಳಿನಲ್ಲಿ, ಕಬ್ಬಿಣದ ಏಣಿ ಹತ್ತಿ ಹೋಗುವ ಒಂದೇ ಕೋಣೆ. ಇದ್ದ ಒಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನಾನು ಚೆಕ್ಕು ಮುಂದೆ ಹಿಡಿದೆ. ತಂದೆಯ ಕಣ್ಣು ತುಂಬಿತು, ಎರಡೂ ಕೈ ಚಾಚಿದ. ಹುಡುಗಿ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಅಂಕಲ್, ಇದು ಏನು?"

"ನಿನ್ನ ಫೀಸು. ಸಂಘದ್ದಲ್ಲ, ನನ್ನ ಸ್ವಂತದ್ದು. ಸಹಾಯ ಅಂತ ಇಟ್ಕೋ."

ಅವಳು ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು, ನೆಲದ ಮೇಲೆ ಕೂತು ಮರಾಠಿಯಲ್ಲಿ ಎರಡು ಸಾಲು ಬರೆದಳು. ಇಷ್ಟು ವರ್ಷ ಅಪ್ಪನಿಗೆ ಕೊಟ್ಟ ಸಂಬಳ ಅವನ ಕೆಲಸಕ್ಕೆ ಕಡಿಮೆಯಾಗಿತ್ತು, ಅದರ ಬಾಕಿಯಲ್ಲಿ ಒಂದು ಭಾಗ ಇದು. ಅಷ್ಟೇ.

"ಇದಕ್ಕ ಸೈನ್ ಮಾಡ್ರಿ. ನಾ ಯಾರಿಗೂ ತೋರ್ಸಂಗಿಲ್ಲ, ಪ್ರಾಮಿಸ್. ಪಪ್ಪಾನ ಹತ್ರ ಇರ್ಲಿ. ಆಮ್ಯಾಲೆ ಚೆಕ್ ತಗೋತೀನಿ."

"ಹಂಗ ಅನಬಾರದವ್ವಾ," ಎಂದ ತಂದೆ.

ಪೆನ್ನು ನನ್ನ ಜೇಬಿನಲ್ಲೇ ಇತ್ತು. ಚೆಕ್ಕಿನಲ್ಲಿ ಬರೆದ ಮೊತ್ತ ನನಗೆ ದೊಡ್ಡದಲ್ಲ, ಅದರ ಎರಡರಷ್ಟನ್ನು ನಗುತ್ತಾ ಕೊಡುತ್ತಿದ್ದೆ. ಆದರೆ ಸಹಾಯ ಎಂದರೆ ಕೊಟ್ಟವನು ನಾನು, ಬಾಕಿ ಎಂದರೆ ಇಟ್ಟುಕೊಂಡವನು ನಾನು. ಆ ಎರಡು ಸಾಲಿಗೆ ಸಹಿ ಹಾಕಿದರೆ ಮೋರಿಯ ಹತ್ತಿರ ನಿಲ್ಲುವ ಉಳಿದವರಿಗೂ, ಅಡಿಗೆಯವರಿಗೂ ಬಾಕಿ ಇದೆಯೆಂದು, ಇದುವರೆಗೆ ನಾನು ಮಾಡಿದ ಎಲ್ಲ ಭಾಷಣಗಳೂ ಸುಳ್ಳೆಂದು ಸಹಿ ಹಾಕಿದಂತೆ. ನನಗೆ ಸಿಟ್ಟು ಬಂತು. ಇಷ್ಟು ಮಾಡಿದರೂ ಇವಳಿಗೆ ಸೊಕ್ಕು ನೋಡು ಎಂದು ನಿಜವಾಗಿಯೂ ಅನಿಸಿತು. ಚೆಕ್ಕನ್ನು ಮಡಚಿ ಜೇಬಿಗೆ ಹಾಕಿಕೊಂಡು, ಹಿಡಿಕೆ ಭದ್ರವಾಗಿ ಹಿಡಿದು ಏಣಿ ಇಳಿದೆ.

ಶುಕ್ರವಾರ ಬಂತು, ಹೋಯಿತು. ಅವತ್ತು ಐದು ಗಂಟೆಯವರೆಗೆ ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಳಗಿನ ಬಾಗಿಲನ್ನೇ ನೋಡುತ್ತಿದ್ದೆ. ತಂದೆ ಬಂದು ಒಮ್ಮೆ ಕೇಳಿದ್ದರೂ ಸಾಕಿತ್ತು, ಆ ಕಾಗದವಿಲ್ಲದೆ ಕೊಟ್ಟುಬಿಡುತ್ತಿದ್ದೆ. ಅವನು ಬರಲಿಲ್ಲ.

ಬಂದದ್ದು ಮುಂದಿನ ಸೋಮವಾರ. ಬೆಳಗಿನ ಗಿರಾಕಿ ಕಡಿಮೆಯಾದ ಮೇಲೆ, ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮುಂದೆ ನಿಂತ.

"ಹುಡುಗಿ ಕೆಲಸಕ್ಕ ಹತ್ಯಾಳ್ರೀ ಮಾಲಕ್ರ. ಗೋರೆಗಾಂವ್‌ದಾಗ ಔಷಧದ್ದು ಗೋಡೌನ್ ಐತಂತ, ಪ್ಯಾಕಿಂಗ್. ಸಣ್ಣಾಕಿ ಅದಾಳ್ರೀ, ಬುದ್ಧಿ ಇಲ್ಲ. ಅವತ್ತ ಅಕಿ ಆಡಿದ್ದು ಮನಸಿಗೆ ಹಚ್ಕೋಬ್ಯಾಡ್ರೀ. ತಪ್ಪಾತು. ಹೊಟ್ಟ್ಯಾಗ ಹಾಕ್ಕೋರಿ."

ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಅವನನ್ನು ಕ್ಷಮಿಸಿದೆ.