ಹೆಸರಿನ ಕೆಳಗಿನ ಖಾಲಿ ಜಾಗ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಅಕ್ಕೋರು ನೆನಪಾಗುತ್ತಾರೆ. ಈಸ್ಟರ್ ಹಬ್ಬದ ಹಿಂದಿನ ದಿನ ಗೋಕಾಕ ಫಾಲ್ಸ್‌ನ ನಾವು ಕ್ರೈಸ್ತರು ನಮ್ಮ ನಮ್ಮವರ ಸಮಾಧಿಗಳಿಗೆ ಸುಣ್ಣ ಬಳಿಯುತ್ತೇವೆ. ಮೊನ್ನೆಯೂ ಬಕೆಟ್ ಹಿಡಿದು ಹೋಗಿದ್ದೆ...

ಅಕ್ಕೋರು ನಮ್ಮ ಬಾಜೂ ಮನೆಯವರು, ಸಂಡೇ ಸ್ಕೂಲಿನಲ್ಲಿ ನಮಗೆ ಕಲಿಸಿದವರು. ಗಂಡ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದವನು ಒಬ್ಬನೇ ಮಗ. ಯೇಸುವನ್ನು ನಂಬಿ ರಕ್ಷಣೆ ಸಿಕ್ಕಿತು, ಇನ್ನು ಸ್ವರ್ಗ ಖಚಿತ ಎಂದು ಮೈಮರೆಯಬಾರದು, ಯೇಸುವಿನ ಕೈ ಬಿಟ್ಟವರು ಅದನ್ನು ಕಳೆದುಕೊಳ್ಳುತ್ತಾರೆ ಎಂದು ಬೆರಳೆತ್ತಿ ಹೇಳುತ್ತಿದ್ದರು. ಪೇರಲ ಕದ್ದ ವಾರವೆಲ್ಲ ನಾನಂತೂ ನರಕದ ಬಾಗಿಲಲ್ಲೇ ನಿಂತಿರುತ್ತಿದ್ದೆ.

ಕೊನೆಗೆ ಕೈ ಬಿಟ್ಟವನು ಅವರ ಮಗನೇ. ಮೊದಲು ಚರ್ಚಿಗೆ ಬರುವುದು ನಿಂತಿತು, ಆಮೇಲೆ ಪ್ರಾರ್ಥನೆ. ನನಗೆ ಯಾವ ದೇವರೂ ಬೇಡ ಎಂದು ತಾಯಿಯ ಮುಂದೆಯೇ ಹೇಳಿ, ಯಮಕನಮರಡಿಗೆ ಹೋಗಿ ಲಾರಿ ಓಡಿಸಿಕೊಂಡಿದ್ದ. ಹತ್ತರಗಿ ಹತ್ತಿರ ಹೆದ್ದಾರಿಯಲ್ಲಿ ಲಾರಿ ಮಗುಚಿ ಸತ್ತ. ತಾಯಿಯೊಡನೆ ಕೊನೆಗೊಂದು ಮಾತಾಡಲೂ ಆಗಲಿಲ್ಲ.

ನಮ್ಮಲ್ಲಿ ಸಮಾಧಿ ಕಲ್ಲಿನ ಮೇಲೆ ಹೆಸರಿನ ಕೆಳಗೆ ‘ಕರ್ತನಲ್ಲಿ ನಿದ್ರೆಹೋದರು’ ಎಂದು ಬರೆಸುವುದು ರೂಢಿ. ಯೇಸುವಿನ ನಂಬಿಕೆಯಲ್ಲೇ ತೀರಿಕೊಂಡರು ಎಂದು ಅದರ ಅರ್ಥ. ಮಗನ ಕಲ್ಲಿನ ಮೇಲೆ ಅಕ್ಕೋರು ಅದನ್ನು ಬರೆಸಲಿಲ್ಲ. ಮೂಡಲಗಿಯಲ್ಲಿ ಪಾಸ್ಟರ್ ಆಗಿದ್ದ ಅವರ ತಮ್ಮ ಬಂದು ಗೋಗರೆದರು. ಒಮ್ಮೆ ರಕ್ಷಣೆ ಹೊಂದಿದವನು ಎಂದಿಗೂ ಅದನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಆ ತಮ್ಮನ ನಂಬಿಕೆ. ಪ್ರತಿ ಕ್ರಿಸ್ಮಸ್‌ಗೂ ಅಕ್ಕ ತಮ್ಮ ಇದೇ ವಿಷಯಕ್ಕೆ ಊಟ ಆರುವ ತನಕ ವಾದಿಸುತ್ತಿದ್ದರು.

“ಅಂವ ಕೈ ಬಿಟ್ಟಿರಬಹುದು ಅಕ್ಕಾ. ಯೇಸು ಬಿಟ್ಟಿಲ್ಲ,” ಎಂದರು ತಮ್ಮ.

“ಖರೆ ಇದ್ರ ನನಗಿಂತ ಖುಷಿ ಯಾರಿಗೈತೋ ತಮ್ಮಾ? ಆದ್ರ ಮಂದಿ ಮಕ್ಕಳಿಗೆ ಒಂದು ಹೇಳಿ, ನನ್ನ ಮಗಗ ಇನ್ನೊಂದು ಹ್ಯಾಂಗ ಹೇಳ್ಲಿ?” ಎಂದರು ಅಕ್ಕೋರು.

ಅಲ್ಲೇ ಕೂತಿದ್ದ ನನಗೆ ಅವರ ಮೇಲೆ ಸಿಟ್ಟೇ ಬಂತು. ಎರಡು ಶಬ್ದ ಬರೆಸಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಅವರೋ, ವರ್ಷವರ್ಷವೂ ಆ ಸಮಾಧಿಗೆ ಸುಣ್ಣ ಬಳಿದು, ಹೆಸರಿನ ಕೆಳಗಿನ ಖಾಲಿ ಜಾಗವನ್ನು ಅಂಗೈಯಿಂದ ಸವರುತ್ತ ಕೂತುಬಿಡುತ್ತಿದ್ದರು...

ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿದರು. ಬೈಬಲ್ ಓದಬೇಕೇನೋ ಅಂದುಕೊಂಡು ಹೋದೆ.

“ನನ್ನ ಕಲ್ಲಿನ ಮ್ಯಾಲನೂ ಆ ಸಾಲು ಬರಸಬ್ಯಾಡವಾ,” ಎಂದರು. “ಅಂವ ಒಬ್ಬನ ಆಗ್ತಾನ.”

ಮೊನ್ನೆ ತಾಯಿ ಮಗನ ಎರಡೂ ಸಮಾಧಿಗಳಿಗೆ ಸುಣ್ಣ ಬಳಿದು, ಎರಡೂ ಹೆಸರುಗಳನ್ನು ಕಪ್ಪು ಬಣ್ಣದಿಂದ ತಿದ್ದಿದೆ. ಬಣ್ಣ ಇನ್ನೂ ಉಳಿದಿತ್ತು, ಆದರೂ ಹೆಸರುಗಳ ಕೆಳಗೆ ಏನೂ ಬರೆಯಲಿಲ್ಲ. ಅಕ್ಕ ಹೇಳಿದ್ದು ಸರಿಯೋ, ತಮ್ಮ ಹೇಳಿದ್ದು ಸರಿಯೋ, ನನಗೆ ಗೊತ್ತಿಲ್ಲ. ತಾಯಿಗೆ ಮಗ ಸಿಕ್ಕಿದ್ದರೆ ಸಾಕು ಎಂದು ಅಲ್ಲೇ ಕೂತು ಅತ್ತೆ. ಆಮೇಲೆ ಕುಂಚ ತೊಳೆದುಕೊಂಡು ಮನೆಗೆ ಬಂದೆ.