ಎಲ್ಲದಕ್ಕೂ ಮೊದಲನೇ ಕಾಲಂ

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಾರೆ. ಹೊಲಿಗೆ ಅಂಗಡಿಯಲ್ಲಿರುವುದು ಒಂದು ಕತ್ತರಿ, ಬಾಯಿಯೊಳಗಿನದು ಇನ್ನೊಂದು. ಎರಡನೆಯದಕ್ಕೆ ಸಾಣೆ ಹಿಡಿಸುವ ಪ್ರಸಂಗವೇ ಬಂದಿಲ್ಲ. ಯಾರ ಮುಲಾಜೂ ಇಲ್ಲದೆ ನಿಜ ಹೇಳುವ ಈ ಹೆಂಗಸು ತಮ್ಮನ ವಿಷಯ ಬಂದರೆ ಮಾತ್ರ ಅಪ್ಪಟ ಸುಳ್ಳುಗಾತಿ. ನಲವತ್ತು ದಾಟಿದ ತಮ್ಮನಿಗೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಗುಂಡಿ ಹಾಕಲು ಬೆರಳು ಬಗ್ಗುವುದಿಲ್ಲ. ಅಕ್ಕ ಅವನ ಅಂಗಿಗಳಿಗೆ ಒಳಗೆ ವೆಲ್ಕ್ರೋ ಪಟ್ಟಿ ಹಚ್ಚಿ, ಮೇಲೆ ಬರೀ ತೋರಿಕೆಗೆ ಗುಂಡಿ ಹೊಲಿಯುತ್ತಾಳೆ. "ನಮ್ಮೋನು ಎಲ್ಲಾ ತಾನೇ ಮಾಡ್ಕೋತಾನೆ" ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಾಳೆ.

ಅಂಗವಿಕಲರ ಸೇವಾ ಕಚೇರಿಯಿಂದ ವರ್ಷದ ಫಾರಂ ಬಂದಾಗಲೂ ಅದೇ ಜಂಬ. ಸ್ನಾನ, ಬಟ್ಟೆ, ಊಟ, ಬಸ್ಸು. ಒಂದೊಂದರ ಮುಂದೂ ಮೂರು ಕಾಲಂ: ಸ್ವತಂತ್ರ, ಭಾಗಶಃ ಬೆಂಬಲ, ಪೂರ್ಣ ಬೆಂಬಲ. ಇದು ತಮ್ಮನ ಮಾರ್ಕ್ಸ್ ಕಾರ್ಡೇ ಸರಿ ಎಂದುಕೊಂಡ ಅಕ್ಕ ಎಲ್ಲದಕ್ಕೂ ಮೊದಲನೇ ಕಾಲಮ್ಮಿಗೆ ಟಿಕ್ ಹಾಕಿ ಕಳಿಸಿದಳು. ನೂರಕ್ಕೆ ನೂರು!

ಹದಿನೈದು ದಿನಕ್ಕೆ ಉತ್ತರ ಬಂತು. ಬೆಂಬಲದ ಅಗತ್ಯ ಕಾಣದ ಕಾರಣ, ಅವನನ್ನು ಬಸ್ಸಿನಲ್ಲಿ ಕೆಲಸಕ್ಕೆ ಕರೆದೊಯ್ಯುವ ಸಹಾಯಕಿ ಮುಂದಿನ ತಿಂಗಳಿಂದ ಬರುವುದಿಲ್ಲ. ಸಹಾಯಕಿ ಇಲ್ಲದಿದ್ದರೆ ಬ್ರಷ್ ಕಾರ್ಖಾನೆಯ ಪ್ಯಾಕಿಂಗ್ ಕೆಲಸವೂ ಇಲ್ಲ, ಆ ಕೆಲಸವೆಂದರೆ ತಮ್ಮನಿಗೆ ಪ್ರಾಣ.

ಮರುದಿನವೇ ಅವನನ್ನು ಕರೆದುಕೊಂಡು ಕಚೇರಿಗೆ ಓಡಿದಳು. ಅಲ್ಲಿನ ಮೇಡಂ ಫಾರಂ ನೋಡಿ ನಕ್ಕರು.

"ಇದು ಪರೀಕ್ಷೆ ಅಲ್ಲಮ್ಮ. ಬೆಂಬಲ ಅಂತ ಬರೆದ್ರೆ ಮಾರ್ಕ್ಸ್ ಕಡಿಮೆ ಆಗಲ್ಲ. ಯಾವ ಕೆಲಸಕ್ಕೆ ಒಬ್ರು ಜೊತೆಗಿರಬೇಕು ಅಂತ ತಿಳ್ಕೊಳ್ಳೋಕೆ ಅಷ್ಟೆ. ಈಗ ಹೇಳಿ, ಬಟ್ಟೆ ಪೂರ್ತಿ ತಾವೇ ಹಾಕ್ಕೋತಾರಾ?"

ತಮ್ಮನ ಎದುರಿಗೇ ಅವನಿಗೆ ಬರುವುದಿಲ್ಲ ಎಂದು ಹೇಗೆ ಹೇಳುವುದು? ಅಂಗಡಿಯಲ್ಲಿ ನಾಲ್ಕು ಜನರ ಬಾಯಿ ಮುಚ್ಚಿಸುವವಳಿಗೆ ಇಲ್ಲಿ ಒಂದು ಮಾತೂ ಹೊರಡಲಿಲ್ಲ.

ತಮ್ಮನಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಪರ್ರನೆ ಅಂಗಿ ಎಳೆದು ವೆಲ್ಕ್ರೋ ತೋರಿಸಿದ. "ನಂಗೆ ಗುಂಡಿ ಬರಲ್ಲ. ಬಸ್ ನಂಬರ್ ಗೊತ್ತಾಗಲ್ಲ. ಪ್ಯಾಕಿಂಗ್ ಚೆನ್ನಾಗಿ ಬರುತ್ತೆ."

ಮೇಡಂ ಹೊಸ ಫಾರಂ ತೆಗೆದು ಹಾಗೆಯೇ ಬರೆದುಕೊಂಡರು. ಸಹಾಯಕಿಯನ್ನು ನಿಲ್ಲಿಸುವುದಿಲ್ಲ ಎಂದು ಮಾತು ಕೊಟ್ಟರು. ಆಮೇಲೆ ಕೊನೆಯ ಸಾಲಿನ ಮೇಲೆ ಪೆನ್ನಿಟ್ಟರು.

"ಇದು ನಿಮಗೆ. ಆರೈಕೆದಾರರ ಬಿಡುವು ಅಂತ. ತಿಂಗಳಿಗೆರಡು ದಿನ ಇವರನ್ನ ನಾವು ನೋಡ್ಕೋತೀವಿ, ನೀವು ಆರಾಮಾಗಿ ಇರಬಹುದು. ಬೇಕಾ?"

"ಅಯ್ಯೋ, ನಂಗ್ಯಾಕೆ ಬಿಡುವು? ಗುಂಡುಕಲ್ಲಿನ ಹಾಗಿದ್ದೀನಿ!" ಅಕ್ಕನಿಗೆ ಮಾತು ಮರಳಿತ್ತು.

"ಬೇಕು ಅಂತ ಬರ್ಕೊಳ್ಳಿ ಮೇಡಂ," ಎಂದ ತಮ್ಮ. "ಅಕ್ಕಂಗೆ ಕೇಳೋಕೆ ಬರಲ್ಲ."

ಮೇಡಂ ಆ ಸಾಲಿಗೂ ಟಿಕ್ ಹಾಕಿದರು. ಅಕ್ಕ ಬೇಡ ಎನ್ನಲಿಲ್ಲ.