ಹಬ್ಬದ ಮರುದಿನ ಸಿಗದ ಪ್ರಿಂಟರ್

ತಮಿಳು ಸೀಮೆಯ ಗಿಂಡಿಯಲ್ಲಿ ನಮ್ಮ ಕಾಕಾನದು ಬೋಲ್ಟು ತಯಾರಿಸುವ ಸಣ್ಣ ಕಾರ್ಖಾನೆ. ಆಯುಧಪೂಜೆಯ ರಜೆ ಮುಗಿದ ದಿನ, ಮಧ್ಯಾಹ್ನ ಮೂರಕ್ಕೆ, ಲಾರಿ ತುಂಬಿ ನಿಂತಿತ್ತು. ತಾಂಬರಂ ಆಚೆಯ ಗಿರಾಕಿ ಐದಕ್ಕೆ ಗೇಟು ಮುಚ್ಚುತ್ತಾರೆ. ಗುಣಮಟ್ಟದ ಪರೀಕ್ಷಾ ಪತ್ರವಿಲ್ಲದ ಸರಕನ್ನು ಒಳಗೆ ಬಿಡುವುದಿಲ್ಲ. ಇನ್ನೊಮ್ಮೆ ತಡವಾದರೆ ಆರ್ಡರ್ ಬೇರೆಯವರಿಗೆ ಎಂದು ಆಗಲೇ ಹೇಳಿಬಿಟ್ಟಿದ್ದರು.

ಆ ಪತ್ರದ ಸಾಫ್ಟ್‌ವೇರ್ ಓಡುವುದು ನಮ್ಮ ಮುದಿ ಕಂಪ್ಯೂಟರಿನಲ್ಲಿ ಮಾತ್ರ. ಅದರಲ್ಲಿ ಪೆನ್‌ಡ್ರೈವ್ ಚುಚ್ಚುವ ಜಾಗವೂ ಸತ್ತಿದೆ. ನೆಟ್‌ವರ್ಕಿನಲ್ಲಿ ಪ್ರಿಂಟರೇ ಸಿಗುತ್ತಿಲ್ಲ ಎಂದು ಅದು ಹಟ ಹಿಡಿದಿತ್ತು.

“ನೀ ಪೂಜಿಗೆ ಪ್ರಿಂಟರಿಗೆ ವಿಭೂತಿ ಹಚ್ಚೀಯಲ್ಲ ಕಾಕಾ, ಪೌಡರ್ ಒಳಗ ಹೋಗೇತಿ. ಅವ್ವಳವುದಾನ್, ಅಷ್ಟ!” ಎಂದೆ.

“ವರ್ಷಾ ವರ್ಷಾ ಹಚ್ಚತೀನಿ, ಇವತ್ತ ಒಳಗ ಹೋತೇನು? ಡಿಬೇಟಿನ್ಯಾಗ ಕಪ್ ತಂದಾಕಿ, ಹೋಗು, ಅದರ ಜೋಡಿ ವಾದಾ ಮಾಡು.”

ಲಾರಿ ಡ್ರೈವರ್ ಬಾಗಿಲಲ್ಲಿ ಇಣುಕಿದ. “ಸಾರ್, ಟೈಮ್ ಆಚ್ಚು.”

ವಾದ ಗೆಲ್ಲಲೆಂದೇ ಪ್ರಿಂಟರಿನ ಗುಂಡಿಯನ್ನು ಒತ್ತಿ ಹಿಡಿದೆ. ತನ್ನ ವಿವರಗಳ ಹಾಳೆಯನ್ನು ಅದು ತಾನೇ ಅಚ್ಚು ಮಾಡಬೇಕು. ಮಾಡಿತು, ಒಂದು ಕಲೆಯೂ ಇಲ್ಲದೆ. ವಿಭೂತಿ ನಿರಪರಾಧಿ. ಆದರೆ ಹಾಳೆಯಲ್ಲಿದ್ದ ಅದರ ವಿಳಾಸದ ಕೊನೆಯ ಅಂಕಿ ಮೂರು. ಮುದಿ ಕಂಪ್ಯೂಟರ್ ಹುಡುಕುತ್ತಿದ್ದದ್ದು ಎರಡನ್ನು.

ಹಾಗಾದರೆ ಎರಡು ಯಾರ ಹತ್ತಿರ?

ನನ್ನ ಲ್ಯಾಪ್‌ಟಾಪ್ ತೆರೆದು ನೋಡಿದೆ. ಎರಡು ಅದರ ಹತ್ತಿರವೇ ಇತ್ತು. ಪೂಜೆಗೆಂದು ನಮ್ಮಲ್ಲಿ ವರ್ಷಕ್ಕೊಮ್ಮೆ ಎಲ್ಲವನ್ನೂ ಆರಿಸುತ್ತಾರೆ, ರೂಟರನ್ನೂ. ಮತ್ತೆ ಹಚ್ಚಿದಾಗ ಅದು ಒಂದನ್ನು ತಾನಿಟ್ಟುಕೊಂಡು, ಮೊದಲು ಬಂದವರಿಗೆ ಎರಡು ಎಂಬಂತೆ ಸಾಲಾಗಿ ನಂಬರು ಹಂಚುತ್ತದೆ. ಇವತ್ತು ಬೆಳಿಗ್ಗೆ ಮೊದಲು ಬಂದು ಲ್ಯಾಪ್‌ಟಾಪ್ ಹಚ್ಚಿದವಳು ನಾನು.

“ದರ ಸಲಾ ಮೊದಲ ಏನ್ ಚಾಲೂ ಮಾಡ್ತಿದ್ದಿ ಕಾಕಾ?”

“ಪ್ರಿಂಟರ್. ಯಾಕ?”

“ಯಾಕ ಅಂತ ನಾ ಕೇಳಬೇಕು.”

“ಹಂಗ ಮಾಡಿದ್ರ ನಡೀತೈತಿ, ಅದಕ್ಕ.”

ಇದು ಕಾರಣವೇ ಅಲ್ಲ ಎನ್ನಲು ಬಾಯಿ ತೆರೆದವಳು ಗಡಿಯಾರ ನೋಡಿ ಮುಚ್ಚಿದೆ. ಎಲ್ಲವನ್ನೂ ಆರಿಸಿ, ರೂಟರಿನ ವೈರು ಕಿತ್ತು ಮತ್ತೆ ಚುಚ್ಚಿ, ಮೊದಲು ಪ್ರಿಂಟರ್, ಆಮೇಲೆ ಮುದಿ ಕಂಪ್ಯೂಟರ್ ಹಚ್ಚಿದೆ. ಪ್ರಿಂಟರಿನ ದೀಪ ಮಿನುಗಿ ನಿಂತಿತು, ಪತ್ರ ಅಚ್ಚಾಗಲು ಆದೇಶ ಕೊಟ್ಟೆ. ಆಮೇಲೆ ಹಾಳೆಗಳು ಒಂದರ ಹಿಂದೆ ಒಂದು ಬಂದವು. ಪಿನ್ ಹೊಡೆಯುವ ಮೊದಲೇ ಡ್ರೈವರ್ ಅವನ್ನು ಕಿತ್ತುಕೊಂಡು ಓಡಿದ.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವನ ಫೋನು ಬಂತು. ಲಾರಿ ಗೇಟಿನ ಒಳಗೆ ಹೋಗಿದೆ. ಕಾಕಾ ಕುರ್ಚಿಗೆ ಒರಗಿದ.

“ವಿಭೂತಿದಲ್ಲ ಕಾಕಾ, ತಪ್ಪು ನಂದು,” ಎಂದೆ.

“ಏನ್ ಅಂದಿ? ಇನ್ನೊಮ್ಮೆ ಜೋರಾಗಿ ಅನ್ನು.”

ಅನ್ನಲಿಲ್ಲ. ಪ್ರಿಂಟರಿನ ನಂಬರು ಇನ್ನೆಂದೂ ಬದಲಾಗದಂತೆ ಕಟ್ಟಿಹಾಕಲು ಕುಳಿತೆ.